ಕಲ್ಲುನೆಲದಲ್ಲಿ ಬೇಲಿ ಕಂಬ ನೆಡುವ ಮುನ್ನ: ಟಿ ಹಿಡಿಕೆಯ ಉಕ್ಕಿನ ಸಲಾಕೆಯ ವಿಮರ್ಶೆ

ಜಮೀನಿನ ಮೊದಲ ಬದಿಗೆ ಬೇಲಿ ಹಾಕಿದಾಗ ನಾನು ನೂಲು ಎಳೆದು, ಎರಡೂವರೆ ಮೀಟರಿಗೊಂದು ಗೂಟ ಹೊಡೆದು, ಗೂಟ ಬಿದ್ದ ಕಡೆಯಲ್ಲೆಲ್ಲ ನೇರವಾಗಿ ಗುಣಿ ತೋಡಲು ತೊಡಗಿದೆ. ಮೇಲೆ ಹುಲ್ಲು ಬೆಳೆದ ಸಮತಟ್ಟಾದ ನೆಲ; ಒಳಗೆ ಒಂದು ಅಡಿ ಇಳಿಯುವಷ್ಟರಲ್ಲಿ ಹಾರೆಯ ತುದಿಯಿಂದ ಕಿಡಿ ಹಾರುತ್ತಿತ್ತು. ಒಂದು ಗುಣಿಯಲ್ಲಿ ಕಲ್ಲಿನ ಅಂಚು ಈಗ ಸಿಕ್ಕೀತು, ಆಗ ಸಿಕ್ಕೀತು ಎಂದು ಬಾಯಿ ಅಗಲಿಸುತ್ತಾ ಹೋಗಿ ಮಧ್ಯಾಹ್ನದ ಹೊತ್ತಿಗೆ ಅದು ಒಂದು ಮೀಟರ್ ಅಗಲದ ಹೊಂಡವಾಯಿತು, ಆದರೆ ಅಂಚು ಸಿಗಲಿಲ್ಲ. ಕೊನೆಗೆ ಆ ಹೊಂಡವನ್ನು ಮುಚ್ಚಿ, ನೂಲಿನ ಮೇಲೆಯೇ ಅರ್ಧ ಮೀಟರ್ ಆಚೆಗೆ ಸರಿದು ತೋಡಿದಾಗ ಅರ್ಧ ಗಂಟೆಯಲ್ಲಿ ಬೇಕಾದ ಆಳ ಸಿಕ್ಕಿತು. ಎಲ್ಲಿಗೆ ಸರಿಯಬೇಕೆಂಬುದು ಗುದ್ದಲಿ ಎತ್ತುವ ಮೊದಲೇ ತಿಳಿಯುವಂತಿದ್ದರೆ ಅರ್ಧ ದಿನದ ದುಡಿಮೆ ಉಳಿಯುತ್ತಿತ್ತು. ಎರಡನೆಯ ಬದಿಗೆ ಕೈ ಹಾಕುವ ಮುನ್ನ ನಾನು ಮಣ್ಣಿಗೆ ಚುಚ್ಚಿ ನೋಡುವ, ಟಿ ಆಕಾರದ ಹಿಡಿಕೆಯ ಉಕ್ಕಿನ ಸಲಾಕೆಯೊಂದನ್ನು ಕೊಂಡದ್ದು ಈ ಕಾರಣಕ್ಕೆ. ಎರಡನೆಯ ಬದಿಯ ಅಷ್ಟೂ ಕಂಬಗಳ ಜಾಗವನ್ನು ಅದರಿಂದಲೇ ಚುಚ್ಚಿ ನೋಡಿ ನಿಶ್ಚಯಿಸಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಮೊದಲು ಹೆಸರಿನ ಗೊಂದಲವನ್ನು ಬಿಡಿಸಬೇಕು. ಮಾರುವವರು ಇದನ್ನು ಪ್ರೋಬ್ ರಾಡ್ ಎಂದು ಕರೆಯುತ್ತಾರೆ. ಸಾಯಿಲ್ ಪ್ರೋಬ್ ಎಂದು ಕೇಳಿದರೆ ಪರೀಕ್ಷೆಗಾಗಿ ಮಣ್ಣಿನ ಮಾದರಿ ತೆಗೆಯುವ, ಒಂದು ಪಕ್ಕ ಸೀಳಿರುವ ಟೊಳ್ಳು ಕೊಳವೆಯನ್ನು ಕೊಟ್ಟುಬಿಡುವ ಸಾಧ್ಯತೆ ಇದೆ. ಆ ಕೊಳವೆಯ ಬಾಯಿ ತೆಳುವಾದ ಅಲಗಿನಂತಿರುವುದರಿಂದ ಕಲ್ಲಿಗೆ ಎರಡು ಬಾರಿ ತಾಗಿದರೆ ಮಡಚಿಹೋಗುತ್ತದೆ. ನಮ್ಮ ಕೆಲಸಕ್ಕೆ ಬೇಕಾದದ್ದು ಒಳಗೆ ಟೊಳ್ಳಿಲ್ಲದ ಗಟ್ಟಿ ಸಲಾಕೆ.

ನಾನು ಕೊಂಡ ಸಲಾಕೆಯ ಉದ್ದ 1.2 ಮೀಟರ್, ದಪ್ಪ 12 ಮಿಲಿಮೀಟರ್, ಹಿಡಿಕೆಯೂ ಸೇರಿ ತೂಕ ಸುಮಾರು ಒಂದೂವರೆ ಕಿಲೋ. ತುದಿಯಲ್ಲಿ ಹದಗೊಳಿಸಿದ ಉಕ್ಕಿನ ಶಂಕುವಿನಾಕಾರದ ಮೊನೆಯಿದ್ದು, ಅದರ ಬುಡದ ಅಗಲ 16 ಮಿಲಿಮೀಟರ್. ಅಂದರೆ ಮೊನೆ ಸಲಾಕೆಗಿಂತ ತುಸು ದಪ್ಪ. ನೋಡುವವರಿಗೆ ಇದು ತಯಾರಿಕೆಯ ಲೋಪದಂತೆ ಕಾಣಬಹುದು, ಆದರೆ ಈ ಸಾಧನದ ಜೀವಾಳವೇ ಅದು. ಮೊನೆ ತನಗಿಂತ ಸಪೂರವಾದ ಸಲಾಕೆಗೆ ದಾರಿ ಬಿಡಿಸಿಕೊಂಡು ಹೋಗುವುದರಿಂದ ಮಣ್ಣು ಸಲಾಕೆಯ ಮೈಯನ್ನು ಹಿಡಿದುಕೊಳ್ಳುವುದಿಲ್ಲ, ಹೀಗಾಗಿ ಕೈಗೆ ತಿಳಿಯುವ ತಡೆಯೆಲ್ಲ ಮೊನೆಯ ಮುಂದೆ ಏನಿದೆಯೋ ಅದರದೇ ಆಗಿರುತ್ತದೆ. ಉದ್ದಕ್ಕೂ ಒಂದೇ ದಪ್ಪವಿರುವ ಸಾದಾ ಸಲಾಕೆಯನ್ನು ನಾನು ಪಕ್ಕದಲ್ಲಿಟ್ಟು ಹೋಲಿಸಿ ನೋಡಿದೆ. ಜೇಡಿಮಣ್ಣಿನಲ್ಲಿ ಅರ್ಧ ಮೀಟರ್ ಇಳಿಯುವಷ್ಟರಲ್ಲಿ ಮಣ್ಣು ಅದರ ಮೈಗೆ ಅಂಟಿ, ಕಲ್ಲು ತಡೆದದ್ದೋ ಮಣ್ಣು ಹಿಡಿದದ್ದೋ ಎಂಬುದೇ ತಿಳಿಯದಾಯಿತು, ಹೊರಗೆ ಎಳೆಯಲು ಇಬ್ಬರು ಬೇಕಾದರು.

ದಪ್ಪದ ವಿಷಯದಲ್ಲಿ 12 ಮಿಲಿಮೀಟರಿಗಿಂತ ಕೆಳಗೆ ಇಳಿಯಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಸಲಾಕೆಯು ಬಾಗದೆ ಭಾರ ಹೊರುವ ಶಕ್ತಿ ಅದರ ದಪ್ಪದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ. ಆದ್ದರಿಂದ 10 ಮತ್ತು 12 ಮಿಲಿಮೀಟರುಗಳ ನಡುವಿನ ಅಂತರ ಕಣ್ಣಿಗೆ ಅತ್ಯಲ್ಪವಾದರೂ ಬಲದಲ್ಲಿ ಸರಿಸುಮಾರು ಇಮ್ಮಡಿ. 1.2 ಮೀಟರ್ ಉದ್ದದ 10 ಮಿಲಿಮೀಟರ್ ಸಲಾಕೆಯ ಮೇಲೆ ಆಳೊಬ್ಬನ ಪೂರ್ತಿ ಭಾರ ಬಿದ್ದರೆ ಅದು ಬಾಗುವ ಅಂಚಿಗೆ ಬರುತ್ತದೆ, 12 ಮಿಲಿಮೀಟರಿನದು ನಿಲ್ಲುತ್ತದೆ. ಉದ್ದ ಹೆಚ್ಚಿದಷ್ಟೂ ಒಳ್ಳೆಯದೆಂಬ ಭಾವನೆಯೂ ಸರಿಯಲ್ಲ. ಉದ್ದ ಒಂದೂವರೆ ಪಟ್ಟಾದರೆ ಬಾಗದೆ ತಡೆಯುವ ಬಲ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಸಾಮಾನ್ಯ ಬೇಲಿ ಕಂಬ 60ರಿಂದ 75 ಸೆಂಟಿಮೀಟರ್, ಮೂಲೆಯ ಕಂಬ 90 ಸೆಂಟಿಮೀಟರಿನಷ್ಟು ನೆಲದೊಳಗೆ ಹೋಗುವುದರಿಂದ 1.2 ಮೀಟರ್ ಸಲಾಕೆಯಲ್ಲಿ ಮೂಲೆಯ ಕಂಬಕ್ಕೂ ಮೇಲೆ ಒಂದು ಗೇಣಿಗಿಂತ ಹೆಚ್ಚು ಉಳಿಯುತ್ತದೆ, ಸಾಕು.

ನನ್ನ ಸಲಾಕೆಯ ಮೈಮೇಲೆ 10 ಸೆಂಟಿಮೀಟರಿಗೊಂದರಂತೆ ಬಣ್ಣದ ಪಟ್ಟಿಗಳಿದ್ದವು. ಮೊದಲ ದಿನ ಸಂಜೆಯ ಹೊತ್ತಿಗೇ ಕೆಳಗಿನ ಆರು ಪಟ್ಟಿಗಳು ಉಜ್ಜಿಹೋದವು. ಮೂರು ಮೂಲೆಯ ಅರದಿಂದ ಗುರುತುಗಳನ್ನು ಮತ್ತೆ ಕೆತ್ತಿಕೊಂಡೆ, ಅವು ಮೇಲ್ಮೈಯ ಗೀರಾಗಿರಬೇಕೇ ಹೊರತು ಆಳವಾಗಬಾರದು, ಆಳವಾದರೆ ಸಲಾಕೆ ಅಲ್ಲೇ ಮುರಿಯುತ್ತದೆ. ಆಳದ ಗುರುತಿಲ್ಲದ ಸಲಾಕೆಯಿಂದ ಅರ್ಧದಷ್ಟೇ ಪ್ರಯೋಜನ; ತಯಾರಕರು ಇದನ್ನು ಬಣ್ಣಕ್ಕೆ ಬಿಟ್ಟಿರುವುದು ನಿಜವಾದ ಕೊರತೆ.

ಇನ್ನು ಬಳಕೆಯ ಮಾತು. ಸಲಾಕೆಯನ್ನು ನೆಟ್ಟಗೆ ಹಿಡಿದು, ಎರಡೂ ಕೈಗಳನ್ನು ಹಿಡಿಕೆಯ ಮೇಲಿಟ್ಟು, ಮೈಭಾರವನ್ನು ಮೆಲ್ಲಗೆ ಅದರ ಮೇಲೆ ಬಿಡಬೇಕು. ಅರವತ್ತು ಕಿಲೋ ತೂಕದವರು ಪೂರ್ತಿ ಭಾರ ಹಾಕಿದರೆ 16 ಮಿಲಿಮೀಟರ್ ಮೊನೆಯ ಮೇಲೆ ಚದರ ಸೆಂಟಿಮೀಟರಿಗೆ ಸುಮಾರು 30 ಕಿಲೋ ಒತ್ತಡ ಬೀಳುತ್ತದೆ. ಗಿಡದ ಬೇರು ಇಳಿಯಲಾರದಷ್ಟು ಗಡುಸಾದ ಮಣ್ಣಿನ ತಡೆ ಚದರ ಸೆಂಟಿಮೀಟರಿಗೆ ಸುಮಾರು 20 ಕಿಲೋ ಎಂದು ಮಣ್ಣುಶಾಸ್ತ್ರದವರು ಲೆಕ್ಕ ಹಿಡಿಯುವುದರಿಂದ, ತೇವವಿರುವ ಯಾವ ಸಾಮಾನ್ಯ ಮಣ್ಣಿನಲ್ಲೂ ಸಲಾಕೆ ಇಳಿಯಲೇಬೇಕು. ಸುತ್ತಿಗೆಯಿಂದ ಬಡಿದು ಇಳಿಸುವುದು ತಪ್ಪು. ಬಡಿದಾಗ ಸಣ್ಣ ಕಲ್ಲುಗಳು ಪಕ್ಕಕ್ಕೆ ಸರಿದುಬಿಡುತ್ತವೆ, ಮೆತ್ತನೆಯ ಕಲ್ಲು ಒಡೆದುಹೋಗುತ್ತದೆ, ಹಿಡಿಕೆಯ ಬೆಸುಗೆ ಬಿಡುತ್ತದೆ, ಎಲ್ಲಕ್ಕಿಂತ ಮಿಗಿಲಾಗಿ ಅಂಗೈಗೆ ಬರಬೇಕಾದ ಸೂಕ್ಷ್ಮ ಸುದ್ದಿಯೆಲ್ಲ ಪೆಟ್ಟಿನ ಅದುರಿನಲ್ಲಿ ಕಳೆದುಹೋಗುತ್ತದೆ.

ಆ ಸುದ್ದಿಯನ್ನು ಓದಲು ಒಂದು ದಿನದ ಅಭ್ಯಾಸ ಸಾಕು. ಬರಿಯ ಮಣ್ಣಿನಲ್ಲಿ ಸಲಾಕೆ ಒಂದೇ ಹದದಲ್ಲಿ ಇಳಿಯುತ್ತದೆ. ಗರಸು ಬಂದರೆ ಕರಕರ ಎಂಬ ತುರಿಕೆ ಕೈಗೆ ತಿಳಿಯುತ್ತದೆ, ಆದರೂ ಇಳಿತ ನಿಲ್ಲುವುದಿಲ್ಲ. ಮರದ ಬೇರಿಗೆ ತಾಗಿದರೆ ತಡೆ ಬಂದರೂ ಅದರಲ್ಲಿ ಪುಟಿತವಿರುತ್ತದೆ, ಭಾರ ತೆಗೆದಾಗ ಸಲಾಕೆ ಕೂದಲೆಳೆಯಷ್ಟು ಮೇಲೆ ಬರುತ್ತದೆ. ಕಲ್ಲಿಗೆ ತಾಗಿದರೆ ಪುಟಿತವಿಲ್ಲದ, ಮೊಣಕೈವರೆಗೂ ತಲುಪುವ ಒಣ ತಡೆ. ಆಗ ಸಲಾಕೆಯನ್ನು ಕಾಲು ಸುತ್ತು ತಿರುಗಿಸಿದರೆ ಕಲ್ಲಿನ ಮೇಲೆ ಉಕ್ಕು ಕೆರೆಯುವ ಸದ್ದು ಸಲಾಕೆಯ ಮೈಯಲ್ಲೇ ಏರಿ ಬರುತ್ತದೆ. ಆದರೂ ಅನುಮಾನ ಉಳಿದರೆ ಹೊರಗೆಳೆದು ಮೊನೆಯನ್ನು ನೋಡಬೇಕು. ಕಲ್ಲಿಗೆ ತಾಗಿದ ಮೊನೆಯ ಮೇಲೆ ಹೊಸ ಗೀರು ಅಥವಾ ಬಿಳಿಯ ಹಿಟ್ಟು ಅಂಟಿರುತ್ತದೆ, ಗಡುಸು ಜೇಡಿಗೆ ತಾಗಿದ ಮೊನೆ ಮಣ್ಣು ಮೆತ್ತಿಕೊಂಡು ಬಂದಿರುತ್ತದೆ. ಈ ಒಂದು ನೋಟ ನನ್ನನ್ನು ಎಷ್ಟೋ ತಪ್ಪು ತೀರ್ಮಾನಗಳಿಂದ ಕಾಪಾಡಿದೆ.

ಇಳಿಯುವಾಗ ಹಿಡಿಕೆ ತಾನಾಗಿ ಒಂದು ಕಡೆಗೆ ವಾಲತೊಡಗಿದರೆ ಅದನ್ನು ಅಲಕ್ಷಿಸಬಾರದು. ಮೊನೆಯು ಗುಂಡುಕಲ್ಲಿನ ಇಳಿಜಾರು ಮೈಗೆ ತಾಗಿ ಆಚೆಗೆ ಜಾರುತ್ತಿದೆ ಎಂದು ಅದರ ಅರ್ಥ. ಮೊನೆ ಕಲ್ಲಿನಿಂದ ದೂರ ಸರಿದಂತೆ ಹಿಡಿಕೆ ಕಲ್ಲಿನ ಕಡೆಗೆ ವಾಲುತ್ತದೆ, ಆದ್ದರಿಂದ ಹಿಡಿಕೆ ವಾಲಿದ ದಿಕ್ಕಿನಲ್ಲಿ ಕಲ್ಲಿನ ಮೈ ಇದೆ ಎಂದು ತಿಳಿಯಬೇಕು. ಮೊದಮೊದಲು ನಾನು ಸಲಾಕೆ ಪೂರ್ತಿ ಇಳಿಯಿತೆಂದು ಸಂತೋಷಪಟ್ಟು ಗುಣಿ ತೋಡಿದೆ. ಅದು ಕಲ್ಲಿನ ಪಕ್ಕೆ ಸವರಿಕೊಂಡು ಹೋಗಿತ್ತು, ಗುಣಿಯ ಅರ್ಧ ಭಾಗದಲ್ಲಿ ಕಲ್ಲು ಕುಳಿತಿತ್ತು.

ಕಲ್ಲು ತಡೆಯುವ ರೀತಿಯೂ ನೆಲದಿಂದ ನೆಲಕ್ಕೆ ಬೇರೆ. ಗ್ರಾನೈಟಿನಂಥ ಕಲ್ಲು ಬಿರುಕುಗಳಲ್ಲಿ ನೀರು ಇಳಿದು ಹೊರಗಿನಿಂದ ಒಳಕ್ಕೆ ಸವೆಯುತ್ತದೆ. ಎರಡು ಮೂರು ಬದಿಗಳಿಂದ ಒಮ್ಮೆಗೇ ಸವೆತಕ್ಕೆ ಸಿಗುವ ಮೂಲೆಗಳು ಬೇಗ ಕರಗುವುದರಿಂದ ಚೌಕವಾಗಿದ್ದ ತುಂಡು ಒಳಗೆ ದುಂಡಗಾಗಿ ಉಳಿಯುತ್ತದೆ, ಅದರ ಸುತ್ತ ಪುಡಿಯಾದ ಕಲ್ಲಿನ ಗರಸಿನ ಪದರ ಇರುತ್ತದೆ. ಇಂಥ ನೆಲದಲ್ಲಿ ಸಲಾಕೆ ಕಲ್ಲಿಗೆ ತಾಗುವ ಮುಂಚೆಯೇ ತುರಿಕೆ ಆರಂಭವಾಗಿ, ತಡೆ ಬೆರಳು ಬೆರಳಷ್ಟೇ ಏರುತ್ತಾ ಹೋಗಿ ಕೊನೆಗೆ ನಿಲ್ಲುತ್ತದೆ, ಮುನ್ಸೂಚನೆ ಸಿಕ್ಕಂತೆಯೇ. ಹೊಳೆ ತಂದು ಹಾಕಿದ ಉರುಟುಕಲ್ಲಿನ ನೆಲದಲ್ಲಿ ಇಂಥ ಸೂಚನೆಯಿಲ್ಲ, ಮೆತ್ತನೆಯ ಮಣ್ಣಿನಿಂದ ಒಮ್ಮೆಗೇ ಕಲ್ಲು. ತನ್ನ ನೆಲದ ಕಲ್ಲು ಯಾವ ಬಗೆಯದೆಂದು ತಿಳಿದವರಿಗೆ ಸಲಾಕೆ ಹೇಳುವ ಮಾತು ಎರಡು ಪಟ್ಟು ಸ್ಪಷ್ಟವಾಗುತ್ತದೆ.

ಕಲ್ಲಿದೆ ಎಂದಷ್ಟೇ ಹೇಳುವ ಸಾಧನವಾಗಿದ್ದರೆ ನಾನು ಇದನ್ನು ಇಷ್ಟು ಹೊಗಳುತ್ತಿರಲಿಲ್ಲ. ಕಲ್ಲುನೆಲದಲ್ಲಿ ಕಲ್ಲಿರುವುದು ಎಲ್ಲರಿಗೂ ಗೊತ್ತು. ಬೇಕಾದದ್ದು ಅದು ಎಷ್ಟು ದೊಡ್ಡದು, ಎಲ್ಲಿ ಮುಗಿಯುತ್ತದೆ ಎಂಬ ಲೆಕ್ಕ. ಗೂಟದ ಜಾಗದಲ್ಲಿ 40 ಸೆಂಟಿಮೀಟರಿಗೆ ಸಲಾಕೆ ನಿಂತಿತೆನ್ನೋಣ. ನೂಲಿನ ಗುಂಟ ಎರಡೂ ಕಡೆಗೆ 10 ಸೆಂಟಿಮೀಟರಿಗೊಂದರಂತೆ ಚುಚ್ಚುತ್ತಾ ಹೋಗಿ, ಸಲಾಕೆ ಕಂಬದ ಆಳವನ್ನು ದಾಟುವ ಜಾಗ ಸಿಕ್ಕಾಗ ನಿಲ್ಲಬೇಕು. ಬಳಿಕ ನೂಲಿಗೆ ಅಡ್ಡಲಾಗಿಯೂ ಹಾಗೆಯೇ ಮಾಡಬೇಕು. ಚುಚ್ಚುಗಳ ನಡುವಿನ ಅಂತರಕ್ಕಿಂತ ಅಗಲವಾದ ಕಲ್ಲು ತಪ್ಪಿಸಿಕೊಳ್ಳುವುದು ಕಷ್ಟ, ಅದಕ್ಕಿಂತ ಚಿಕ್ಕದು ತಪ್ಪಿಸಿಕೊಂಡರೂ ಗುದ್ದಲಿಗೆ ಬಗ್ಗುತ್ತದೆ. ಏಳೆಂಟು ಚುಚ್ಚಿಗೆ, ಹತ್ತು ನಿಮಿಷದೊಳಗೆ, ಕಾಣದ ಕಲ್ಲಿನ ನೆತ್ತಿಯ ಆಕಾರ ನೆಲದ ಮೇಲೆ ಸುಣ್ಣದ ಚುಕ್ಕೆಗಳಲ್ಲಿ ಮೂಡುತ್ತದೆ.

ಈ ಆಕಾರದಿಂದ ತೂಕವನ್ನು ಅಂದಾಜು ಮಾಡಬಹುದು, ನಿರ್ಧಾರವೆಲ್ಲ ನಿಂತಿರುವುದು ಆ ಅಂದಾಜಿನ ಮೇಲೆ. ಗಟ್ಟಿ ಕಲ್ಲಿನ ತೂಕ ಅಷ್ಟೇ ಗಾತ್ರದ ನೀರಿನ ಎರಡೂವರೆ ಪಟ್ಟಿಗಿಂತ ತುಸು ಹೆಚ್ಚು. 30 ಸೆಂಟಿಮೀಟರ್ ಅಡ್ಡಳತೆಯ ದುಂಡು ಕಲ್ಲು ಸುಮಾರು 37 ಕಿಲೋ ತೂಗುತ್ತದೆ. ಹಾರೆಯಿಂದ ಮೀಟಿ, ಇಬ್ಬರು ಸೇರಿ ಎತ್ತಬಹುದು. ಅಡ್ಡಳತೆ 60 ಸೆಂಟಿಮೀಟರ್ ಆದರೆ ತೂಕ ಎಂಟು ಪಟ್ಟು, ಅಂದರೆ ಸುಮಾರು 300 ಕಿಲೋ. ಆದ್ದರಿಂದ ನೆತ್ತಿ ಒಂದಡಿಯೊಳಗೆ ಮುಗಿದರೆ ತೋಡಿ ತೆಗೆಯುತ್ತೇನೆ, ಅದಕ್ಕಿಂತ ಹಿಗ್ಗಿದರೆ ಕಂಬವನ್ನೇ ಸರಿಸುತ್ತೇನೆ. ಹೀಗೆ ತೆಗೆದ ಕಲ್ಲು ವ್ಯರ್ಥವಲ್ಲ. ಅದನ್ನು ಒಡೆದು ಕಂಬದ ಬುಡಕ್ಕೆ ಗಿಡಿದು ದಮ್ಮಸ್ಸು ಮಾಡಿದರೆ ಬರಿಯ ಮಣ್ಣಿಗಿಂತ ಬಿಗಿಯಾಗಿ ಹಿಡಿಯುತ್ತದೆ.

ಸಲಾಕೆ ಹೇಳದ ಒಂದು ಸಂಗತಿಯಿದೆ, ಅದು ಕಲ್ಲಿನ ದಪ್ಪ. ಒಂದು ಗೇಣು ದಪ್ಪದ ಚಪ್ಪಡಿಯೂ ಆನೆಗಾತ್ರದ ಬಂಡೆಯೂ ಮೇಲಿನಿಂದ ಚುಚ್ಚಿದಾಗ ಒಂದೇ ರೀತಿ ನಿಲ್ಲಿಸುತ್ತವೆ. ಇದಕ್ಕೆ ಸದ್ದಿನ ನೆರವು ಪಡೆಯಬಹುದು. ಮೊನೆಯನ್ನು ಕಲ್ಲಿನ ಮೇಲೆ ಊರಿ, ಹಿಡಿಕೆಯ ನಡುವೆ ಸಣ್ಣ ಸುತ್ತಿಗೆಯಿಂದ ತಟ್ಟಿದರೆ, ಮಣ್ಣಿನಲ್ಲಿ ಸಡಿಲವಾಗಿ ಕುಳಿತ ಕಲ್ಲು ಮಂಕಾದ ಸದ್ದನ್ನೂ ಬೇರೂರಿದ ಬಂಡೆ ಠಣ್ಣೆಂಬ ಸದ್ದನ್ನೂ ಕೊಡುತ್ತವೆ. ಎರಡು ಸಲಾಕೆಗಳಿದ್ದರೆ ಇನ್ನೂ ಒಳ್ಳೆಯದು. ಒಂದನ್ನು ತಟ್ಟುತ್ತಾ ಇನ್ನೊಂದನ್ನು ಅರ್ಧ ಮೀಟರ್ ದೂರದಲ್ಲಿ ಊರಿ ಹಿಡಿದಿರಬೇಕು, ಎರಡೂ ಒಂದೇ ಕಲ್ಲಿನ ಮೇಲಿದ್ದರೆ ನಡುಕ ಕೈಗೆ ಥಟ್ಟನೆ ತಿಳಿಯುತ್ತದೆ.

ನನಗೆ ಅತ್ಯಂತ ಮೆಚ್ಚುಗೆಯಾದ ಪ್ರಯೋಜನ ಕೊಳ್ಳುವಾಗ ಊಹಿಸಿಯೂ ಇರದದ್ದು. ಒಂದೊಂದೇ ಗುಣಿಯ ಮುಂಚೆ ಚುಚ್ಚುವ ಬದಲು, ಗುದ್ದಲಿ ಮುಟ್ಟುವ ಮೊದಲೇ ನೂಲಿನ ಉದ್ದಕ್ಕೂ ಅರ್ಧ ಮೀಟರಿಗೊಂದು ಕಡೆ ಚುಚ್ಚಿ, ಸಿಕ್ಕ ಆಳವನ್ನು ಒಂದು ಪುಸ್ತಕದಲ್ಲಿ ಸಾಲಾಗಿ ಬರೆದುಕೊಂಡೆ. ಅಂಕಿಗಳನ್ನು ಓದುತ್ತಿದ್ದಂತೆ ನೆಲದೊಳಗಿನ ಚಿತ್ರ ತಾನಾಗಿ ತೆರೆದುಕೊಂಡಿತು. ಒಂದು ಕಡೆ ಆಳ 100, 35, 100, 100, 50 ಎಂದು ಹಾರುತ್ತಿತ್ತು. ಅಲ್ಲಿರುವುದು ಬಿಡಿಬಿಡಿ ಗುಂಡುಗಳು, ನಡುವೆ ಜಾಗ ಸಿಗುತ್ತದೆ. ಇನ್ನೊಂದು ಕಡೆ 95, 85, 70, 60, 45 ಎಂದು ಒಂದೇ ಕ್ರಮದಲ್ಲಿ ಇಳಿಯುತ್ತಿತ್ತು; ಅದು ಹಾಸುಬಂಡೆಯೊಂದು ನೆಲದಡಿಯಲ್ಲಿ ಮೇಲೇರಿ ಬರುತ್ತಿರುವ ಗುರುತು, ಅಲ್ಲಿ ಎಷ್ಟು ಸರಿದರೂ ಜಾಗ ಸಿಗುವುದಿಲ್ಲ. ಗುಂಡುಗಳಿಗೆ ಸರಿಯುವುದೇ ಪರಿಹಾರ, ಹಾಸುಬಂಡೆಗೆ ಬೇರೆಯೇ ಸಿದ್ಧತೆ ಬೇಕು: ಬಂಡೆಗೆ ರಂಧ್ರ ಕೊರೆದು ಉಕ್ಕಿನ ಸರಳನ್ನು ಸಿಮೆಂಟಿನಲ್ಲಿ ಕೂರಿಸಿ ಅದಕ್ಕೆ ಕಂಬ ಕಟ್ಟುವುದು, ಇಲ್ಲವೇ ನೆಲದ ಮೇಲೆಯೇ ತಂತಿಬಲೆಯ ಬುಟ್ಟಿಯಲ್ಲಿ ಕಲ್ಲು ತುಂಬಿ ಅದರ ನಡುವೆ ಕಂಬ ನಿಲ್ಲಿಸುವುದು. ಯಾವ ಜಾಗದಲ್ಲಿ ಯಾವುದು ಬೇಕೆಂದು ಕೆಲಸದವರು ಬರುವ ಮುನ್ನವೇ ತಿಳಿದಿದ್ದುದರಿಂದ ಸಾಮಾನು, ಸಮಯ ಎರಡೂ ಪೋಲಾಗಲಿಲ್ಲ.

ತಂತಿ ಬೇಲಿಯಾದರೆ ಕಂಬದಿಂದ ಕಂಬಕ್ಕೆ ಅಂತರ ಸಮವಾಗಿರಲೇಬೇಕೆಂಬ ನಿಯಮವಿಲ್ಲ. ಎರಡೂವರೆ ಮೀಟರ್ ಇರಬೇಕಾದಲ್ಲಿ ಎರಡೂಕಾಲು ಮೀಟರ್ ಆದರೆ ಯಾರಿಗೂ ನಷ್ಟವಿಲ್ಲ, ಆದರೆ ಹಿಗ್ಗಿಸುವುದಕ್ಕಿಂತ ಕುಗ್ಗಿಸುವುದು ಲೇಸು, ಹಿಗ್ಗಿದಲ್ಲಿ ತಂತಿ ಜೋಲುತ್ತದೆ. ಸಿದ್ಧ ಚೌಕಟ್ಟುಗಳನ್ನು ಕೂರಿಸುವ ಬೇಲಿಗೆ ಈ ಸ್ವಾತಂತ್ರ್ಯವಿಲ್ಲ, ಏಕೆಂದರೆ ಚೌಕಟ್ಟಿನ ಉದ್ದವೇ ಅಂತರವನ್ನು ನಿಶ್ಚಯಿಸುತ್ತದೆ. ಅಲ್ಲಿ ಮೊದಲ ಕಂಬವನ್ನೇ 20 ಅಥವಾ 30 ಸೆಂಟಿಮೀಟರ್ ಅತ್ತಿತ್ತ ಮಾಡಿ ನೋಡಿ, ಇಡೀ ಸಾಲಿನಲ್ಲಿ ಕಲ್ಲಿಗೆ ಸಿಗುವ ಕಂಬಗಳು ಅತಿ ಕಡಿಮೆಯಾಗುವ ಆರಂಭದ ಜಾಗವನ್ನು ಆರಿಸಿಕೊಳ್ಳಬೇಕು. ಪುಸ್ತಕದಲ್ಲಿ ಆಳಗಳ ಸಾಲಿದ್ದರೆ ಇದು ಕುಳಿತಲ್ಲೇ ಮಾಡಬಹುದಾದ ಲೆಕ್ಕ. ಮೂಲೆಯ ಕಂಬಗಳನ್ನೂ ಗೇಟಿನ ಕಂಬಗಳನ್ನೂ ಎಲ್ಲಕ್ಕಿಂತ ಮೊದಲು ಚುಚ್ಚಿ ನೋಡುವುದು ಒಳಿತು. ತಂತಿಯ ಎಳೆತವೆಲ್ಲ ಮೂಲೆಯ ಕಂಬದ ಮೇಲೆ ಬೀಳುತ್ತದೆ, ಅದಕ್ಕೆ ಓರೆ ಆಸರೆಯೂ ಬೇಕು. ಆಸರೆಯ ಕಾಲು ಊರುವ ಜಾಗವನ್ನು ಚುಚ್ಚಿ ನೋಡಲು ಮರೆತು ನಾನು ಒಂದು ಮೂಲೆಯ ಕೆಲಸವನ್ನು ಎರಡು ಬಾರಿ ಮಾಡಿದೆ.

ಗುಣಿ ತೋಡದೆ ನೇರವಾಗಿ ಬಡಿದು ಇಳಿಸುವ ಉಕ್ಕಿನ ಕಂಬಗಳಿಗೆ ಈ ಸಲಾಕೆ ಇನ್ನೂ ಹೊಂದುತ್ತದೆ. ಅವುಗಳಿಗೆ ಬೇಕಾದದ್ದು ಸಪೂರವಾದ ಒಂದು ದಾರಿ ಮಾತ್ರ. ಸಲಾಕೆ ಇಳಿದ ರಂಧ್ರವೇ ಕಂಬಕ್ಕೆ ದಾರಿಯಾಗುತ್ತದೆ.

ಈಗ ಕೊರತೆಗಳು. ಒಣಗಿದ ಜೇಡಿಮಣ್ಣಿನಲ್ಲಿ ಈ ಸಾಧನ ನಂಬಿಕೆಗೆ ಅರ್ಹವಲ್ಲ. ತೇವ ಆರಿದಂತೆ ಮಣ್ಣಿನ ತಡೆ ಕಡಿದಾಗಿ ಏರಿ ಮೈಭಾರಕ್ಕೆ ಜಗ್ಗದಂತಾಗುತ್ತದೆ, ಆಗ ನೆಲದ ತುಂಬ ಕಲ್ಲೇ ಇದೆಯೆಂಬ ಭ್ರಮೆ ಹುಟ್ಟುತ್ತದೆ. ಚೆನ್ನಾಗಿ ಮಳೆಯಾದ ಒಂದೆರಡು ದಿನಗಳ ಬಳಿಕ ಚುಚ್ಚುವುದು ಅತ್ಯುತ್ತಮ. ಅದಕ್ಕೆ ಕಾಯಲಾಗದಿದ್ದರೆ ಹಿಂದಿನ ಸಂಜೆ ಪ್ರತಿ ಗೂಟದ ಬುಡಕ್ಕೆ ಒಂದೆರಡು ಬಕೆಟ್ ನೀರು ಹೊಯ್ಯಬೇಕು. ಗಟ್ಟಿ ಜಲ್ಲಿಯ ಪದರವಿರುವ ನೆಲದಲ್ಲಿಯೂ ಸಲಾಕೆ ಸೋಲುತ್ತದೆ. ಒತ್ತೊತ್ತಾಗಿ ಕುಳಿತ ಮುಷ್ಟಿಗಾತ್ರದ ಕಲ್ಲುಗಳು ಬಂಡೆಯಂತೆಯೇ ತಡೆಯುತ್ತವೆ, ಆದರೆ ಗುದ್ದಲಿಗೆ ಸುಲಭವಾಗಿ ಬರುತ್ತವೆ. ಅಂಥಲ್ಲಿ ಒಂದು ಗುಣಿಯನ್ನು ತೋಡಿ ನೋಡಿಯೇ ಉಳಿದವುಗಳ ಬಗ್ಗೆ ತೀರ್ಮಾನಿಸಬೇಕು.

ಅಪಾಯದ ಮಾತನ್ನು ಒತ್ತಿ ಹೇಳಬೇಕಾಗಿದೆ. ವಿದ್ಯುತ್ ಕೇಬಲ್, ನೀರಿನ ಅಥವಾ ಅನಿಲದ ಕೊಳವೆ ಹಾದುಹೋಗಿರಬಹುದಾದ ಜಾಗದಲ್ಲಿ, ಅವುಗಳ ದಾರಿ ಎಲ್ಲಿದೆಯೆಂದು ಸಂಬಂಧಪಟ್ಟವರಿಂದ ತಿಳಿದುಕೊಳ್ಳದೆ ಸಲಾಕೆಯನ್ನು ನೆಲಕ್ಕೆ ಊರಲೇಬಾರದು. ಚೂಪಾದ ಮೊನೆಯ ಮೇಲೆ ಮೈಭಾರ ಬಿದ್ದರೆ ಕೇಬಲಿನ ಹೊದಿಕೆಯೂ ಪ್ಲಾಸ್ಟಿಕ್ ಕೊಳವೆಯೂ ತಡೆಯಲಾರವು. ಫೈಬರ್‌ಗ್ಲಾಸ್ ಹಿಡಿಕೆಯ ಸಲಾಕೆಗಳು ಸಿಗುತ್ತವೆ, ಅವು ಕೈಗೆ ಒಂದು ಮಟ್ಟದ ರಕ್ಷಣೆ ಕೊಡಬಹುದು, ಆದರೆ ಆ ಹಿಡಿಕೆಯನ್ನು ನಂಬಿ ಗೊತ್ತಿಲ್ಲದ ನೆಲವನ್ನು ಚುಚ್ಚುವುದು ಜೀವದೊಡನೆ ಆಡಿದಂತೆ.

ಬೇರೆ ಸಾಧನಗಳೊಡನೆ ಹೋಲಿಸದಿದ್ದರೆ ವಿಮರ್ಶೆ ಅಪೂರ್ಣವಾಗುತ್ತದೆ. ಹಾರೆಯಿಂದಲೂ ಕಲ್ಲು ಹುಡುಕಬಹುದು, ಆದರೆ ಏಳೆಂಟು ಕಿಲೋ ತೂಕದ ದಪ್ಪ ಹಾರೆ ತೋಡದ ನೆಲದಲ್ಲಿ ಒಂದು ಗೇಣಿಗಿಂತ ಕೆಳಗೆ ಇಳಿಯುವುದೇ ಕಷ್ಟ, ಇಳಿದರೂ ಸೂಕ್ಷ್ಮ ತಿಳಿಯುವುದಿಲ್ಲ. ಹಾರೆ ಮೀಟುವ ಸಾಧನ, ಸಲಾಕೆ ತಿಳಿಯುವ ಸಾಧನ. ಸಲಾಕೆಯಿಂದ ಕಲ್ಲನ್ನು ಮೀಟಲು ಹೋಗಿ ನಾನು ಅದನ್ನು ಒಮ್ಮೆ ಬಾಗಿಸಿಕೊಂಡಿದ್ದೇನೆ. ಜಾರುವ ಭಾರದಿಂದ ಬಡಿದಿಳಿಸುವ ಸಲಾಕೆಗಳು ಒಣ ನೆಲದಲ್ಲಿ ಹೆಚ್ಚು ಆಳಕ್ಕೆ ಹೋಗುತ್ತವೆ, ಆದರೆ ಮೊದಲೇ ಹೇಳಿದಂತೆ ಬಡಿತದಲ್ಲಿ ಸ್ಪರ್ಶಜ್ಞಾನ ಅಳಿಯುತ್ತದೆ. ಲೋಹಶೋಧಕ ಯಂತ್ರ ಲೋಹವನ್ನಷ್ಟೇ ಹುಡುಕುವುದರಿಂದ ಈ ಕೆಲಸಕ್ಕೆ ಬಾರದು. ಮಣ್ಣಿನ ಬಿಗಿತ ಅಳೆಯುವ ಪೆನೆಟ್ರೋಮೀಟರಿಗೆ 30 ಡಿಗ್ರಿಯ ನಿಖರ ಶಂಕುವೂ ಒತ್ತಡದ ಮಾಪಕವೂ ಇರುತ್ತವೆ, ಆದರೆ ಅದು ಹೊಲದ ಮಣ್ಣಿಗಾಗಿ ರೂಪುಗೊಂಡದ್ದು. ದಿನವಿಡೀ ಕಲ್ಲಿಗೆ ತಾಗಿಸಿದರೆ ಶಂಕು ಮೊಂಡಾಗಿ ಅಳತೆಯೇ ತಪ್ಪುತ್ತದೆ.

ನೆಲದೊಳಗೆ ರೇಡಿಯೋ ಅಲೆ ಕಳಿಸಿ ಪ್ರತಿಫಲನ ಓದುವ ಭೂಭೇದಕ ರೇಡಾರ್ ಈ ಸಾಲಿನಲ್ಲಿ ಅತ್ಯಂತ ಸಮರ್ಥ ಯಂತ್ರ. ಮಣ್ಣೂ ಕಲ್ಲೂ ವಿದ್ಯುತ್ ಕ್ಷೇತ್ರಕ್ಕೆ ಸ್ಪಂದಿಸುವ ರೀತಿಯಲ್ಲಿ ವ್ಯತ್ಯಾಸವಿರುವಲ್ಲಿ ಅಲೆ ಮರಳಿ ಬರುತ್ತದೆ, ಬಿಡಿ ಬಂಡೆಯೊಂದು ಪರದೆಯ ಮೇಲೆ ಕಮಾನಿನಂತೆ ಕಾಣುತ್ತದೆ. ಒಣ ಮರಳುನೆಲದಲ್ಲಿ ಇದು ಸೊಗಸಾಗಿ ಕೆಲಸ ಮಾಡುತ್ತದೆ. ಒದ್ದೆ ಜೇಡಿಯಲ್ಲಿ ಮಣ್ಣು ವಿದ್ಯುತ್ತನ್ನು ಹರಿಯಗೊಡುವುದರಿಂದ ಅಲೆ ಬೇಗನೆ ಬತ್ತಿಹೋಗುತ್ತದೆ. ಸಲಾಕೆಗೆ ತೇವ ಬೇಕು, ರೇಡಾರಿಗೆ ಒಣನೆಲ ಬೇಕು ಎಂಬುದು ಗಮನಿಸತಕ್ಕ ಸಂಗತಿ. ಆದರೆ ಕಲ್ಲು ಕಿಕ್ಕಿರಿದ ನೆಲದಲ್ಲಿ ಕಮಾನುಗಳು ಒಂದರ ಮೇಲೊಂದು ಬಿದ್ದು ಓದಲು ಪರಿಣತರೇ ಬೇಕಾಗುತ್ತಾರೆ. ದೊಡ್ಡ ಕಟ್ಟಡದ ಅಡಿಪಾಯಕ್ಕೆ ಅದು ತಕ್ಕದ್ದು, ಬೇಲಿಯ ಗುಣಿಗೆ ಅತಿಯಾಯಿತು.

ಯಂತ್ರದ ಕೊರೆಗಳಿಂದ ಗುಣಿ ಹಾಕುವವರಿಗೂ ಈ ಸಲಾಕೆ ಅನಗತ್ಯವೆಂದು ನಾನು ಒಪ್ಪುವುದಿಲ್ಲ, ಅವರಿಗೇ ಇದು ಹೆಚ್ಚು ಅಗತ್ಯ. ಕೈಯಲ್ಲಿ ಹಿಡಿದು ನಡೆಸುವ ಕೊರೆಯಂತ್ರದ ಸುರುಳಿ ಹೂತ ಕಲ್ಲಿಗೆ ಸಿಕ್ಕಿ ಥಟ್ಟನೆ ನಿಂತರೆ, ತಿರುಗುವ ಬಲವೆಲ್ಲ ಹಿಡಿಕೆಯ ಮೂಲಕ ಹಿಡಿದವರ ಮಣಿಕಟ್ಟಿಗೂ ಭುಜಕ್ಕೂ ತಿರುಗಿಬೀಳುತ್ತದೆ. ಟ್ರ್ಯಾಕ್ಟರಿಗೆ ಜೋಡಿಸಿದ ಕೊರೆಯಲ್ಲಿ ಯಂತ್ರವನ್ನು ಕಾಪಾಡಲೆಂದೇ ಇಟ್ಟಿರುವ ಬೋಲ್ಟು ತುಂಡಾಗಿ ಕೆಲಸ ನಿಲ್ಲುತ್ತದೆ. ಕೊರೆಯುವ ಮುನ್ನ ಗುಣಿಯ ನಡುವೆ ಒಂದು, ಅಂಚಿನಲ್ಲಿ ನಾಲ್ಕು ಕಡೆ ಒಂದೊಂದು, ಹೀಗೆ ಐದು ಚುಚ್ಚು ಹಾಕಿಕೊಂಡರೆ ಈ ಎರಡೂ ಬಹುಮಟ್ಟಿಗೆ ತಪ್ಪುತ್ತವೆ.

ಕೊಳ್ಳುವವರು ನೋಡಬೇಕಾದ ವಿವರಗಳು ಕೆಲವೇ. ಹಿಡಿಕೆಯ ಬೆಸುಗೆ ಸುತ್ತಲೂ ಪೂರ್ತಿಯಾಗಿರಲಿ, ಎರಡು ಚುಕ್ಕೆ ಬೆಸುಗೆಯದು ತಿಂಗಳು ಬಾಳದು. ಹಿಡಿಕೆಯ ಅಗಲ 35 ಸೆಂಟಿಮೀಟರಿಗೆ ಕಡಿಮೆಯಾದರೆ ಭುಜದ ಭಾರ ನೇರವಾಗಿ ಬೀಳುವುದಿಲ್ಲ. ಎರಡು ತುಂಡುಗಳನ್ನು ತಿರುಪಿನಿಂದ ಜೋಡಿಸುವ ಮಾದರಿಯನ್ನು ಒಯ್ಯಲು ಅನುಕೂಲವೆಂದು ಹೊಗಳುತ್ತಾರೆ. ನಾನು ಎರವಲು ತಂದು ಬಳಸಿ ನೋಡಿದ ಅಂಥ ಒಂದರಲ್ಲಿ ತಿರುಪಿನ ಸಂದಿಗೆ ಮರಳು ಸೇರಿ ಬಿಚ್ಚಲಾಗದಂತಾಯಿತು, ಜೋಡಣೆಯ ಸಡಿಲಿನಿಂದ ಕಲ್ಲಿನ ತಡೆಯೂ ಬೇರಿನ ಪುಟಿತವೂ ಒಂದೇ ರೀತಿ ತಿಳಿಯುತ್ತಿದ್ದವು. ಒಂದೇ ತುಂಡಿನದನ್ನೇ ಆರಿಸಿಕೊಳ್ಳಿ. ಮೊನೆಯನ್ನು ಮಾತ್ರ ತಿರುಪಿ ತೆಗೆದು ಬದಲಿಸುವಂತಿದ್ದರೆ ಅದು ಗುಣವೇ, ಏಕೆಂದರೆ ಮೊದಲು ಸವೆಯುವುದು ಮೊನೆಯೇ. ನನ್ನದರಲ್ಲಿ ಆ ಸೌಕರ್ಯವಿಲ್ಲ. ಎರಡನೆಯ ಬದಿ ಮುಗಿಯುವ ಹೊತ್ತಿಗೆ 16 ಮಿಲಿಮೀಟರ್ ಇದ್ದ ಬುಡ 14ಕ್ಕೆ ಸವೆದು, ಜೇಡಿ ಮತ್ತೆ ಸಲಾಕೆಯ ಮೈ ಹಿಡಿಯಲು ತೊಡಗಿದೆ. ಮೂರನೆಯ ಬದಿ ಆರಂಭಿಸುವ ಮುನ್ನ ಕಮ್ಮಾರನಲ್ಲಿಗೆ ಒಯ್ದು ಹೊಸ ಮೊನೆ ಕೂರಿಸಿಕೊಳ್ಳಬೇಕು, ಜೊತೆಗೆ ಗುರುತುಗಳನ್ನು ಮತ್ತೊಮ್ಮೆ ಹೊಸ ಮೊನೆಯ ತುದಿಯಿಂದಲೇ ಅಳೆದು ಕೆತ್ತಬೇಕು.